ಅಳಿವೆಯ ನೀರಿನ ಅಳತೆ

ಮೇಲಿನ ಹಳೆಯ ಅಣೆಕಟ್ಟನ್ನು ಒಡೆದ ಮೇಲೆ, ನದಿ ನಲವತ್ತು ವರ್ಷದ ಹೂಳನ್ನು ಹೊತ್ತುಕೊಂಡು ಸಮುದ್ರದ ಕಡೆ ಹೊರಟಿತು.

ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳು ಶಿಷ್ಯ ಹೇರಂಬನ ಕೈಗೆ ಒಂದು ಬಿಳಿ ತಟ್ಟೆ, ಒಂದು ಹಗ್ಗ ಕೊಟ್ಟರು.

"ತಟ್ಟೆಯನ್ನು ನೀರಿಗಿಳಿಸು. ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೋ ಬರೆದಿಡು. ದಿನಾ."

ಅಣೆಕಟ್ಟು ಒಡೆಯಲೇಬೇಕೆಂದು ಊರೂರು ತಿರುಗಿ ಗಂಟಲು ಹರಿದುಕೊಂಡವನು ಈ ಹೇರಂಬನೇ. ಈಗ ನೀರು ಕೆಂಪಾದದ್ದೇ ತನ್ನಿಂದಲೇ ಕೆಡುಕಾಯಿತೇನೋ ಎಂಬ ಅಳುಕು ಅವನಿಗೆ ಹತ್ತಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಅಳಿವೆಯ ಮರಳುದಿಬ್ಬದಲ್ಲಿ ಬಳಚು ಎಂಬ ಚಿಪ್ಪುಮೀನು ಬಗೆದು ಮಾರುವ ಬೀರಮ್ಮ, ಜೊತೆಯ ಹೆಂಗಸರ ಪರವಾಗಿ ಬಂದು ಹೇರಂಬನನ್ನು ಕೇಳಿದಳು.

"ನಾವೆಲ್ಲ ಬೇರೆ ಹೊಳೆಗೆ ಹೋಗುದಾ, ಇಲ್ಲೇ ಕಾಯುದಾ ಸ್ವಾಮಿ?"

"ಕಾಯಿರಿ ಬೀರಮ್ಮ. ತಟ್ಟೆ ತುಂಬ ಆಳದವರೆಗೆ ಕಾಣುತ್ತದೆ, ನೀರು ತಿಳಿಯಾಗುತ್ತಿದೆ. ಮರಿ ಬಳಚು ಬೆಳೆಯಲಿ, ಅಲ್ಲಿಯವರೆಗೆ ದಿಬ್ಬ ಕೆದಕಬೇಡಿ."

"ನಮ್ ಕಣ್ಣಿಗೆ ಕೆಂಪಾಗೇ ಕಾಣ್ತದೆ. ಇರ್ಲಿ, ನೀವು ಅಳದು ನೋಡಿದವ್ರು."

ಹೆಂಗಸರು ಎರಡು ತಿಂಗಳು ಕಾದರು. ಅಷ್ಟರಲ್ಲಿ ಪಕ್ಕದ ಹೊಳೆಯ ದಿಬ್ಬಗಳನ್ನು ಬೇರೆಯವರು ಹಿಡಿದಾಗಿತ್ತು.

ಒಂದು ಬೆಳಿಗ್ಗೆ ಗುರುಗಳು ಅವನ ಪುಸ್ತಕ ತಿರುವಿದರು.

"ಯಾವ ಹೊತ್ತಿಗೆ ಅಳೆಯುತ್ತೀಯೆ?"

"ಉಬ್ಬರದ ಹೊತ್ತಿಗೆ. ದೋಣಿ ಸಲೀಸಾಗಿ ಹೋಗುತ್ತದೆ."

"ಆಗ ಅಳಿವೆ ತುಂಬ ಇರುವುದು ಯಾರ ನೀರು?"

"ಸಮುದ್ರದ್ದು."

"ನದಿಯ ನೀರು ಹೊರಬೀಳುವುದು ಯಾವಾಗ?"

"ಇಳಿತದಲ್ಲಿ." ಹೇರಂಬ ತಟ್ಟೆಯ ಹಗ್ಗ ಸುತ್ತತೊಡಗಿದ. "ಒಮ್ಮೆ ಹೋಗಿದ್ದೆ. ಗೇಣುದ್ದ ಇಳಿಸುವುದರೊಳಗೆ ತಟ್ಟೆ ಕಾಣೆಯಾಯಿತು. ಅವತ್ತು ಅನ್ನ ಸೇರಲಿಲ್ಲ. ಮತ್ತೆ ಹೋಗಲಿಲ್ಲ."

ಗುರುಗಳು ಎದ್ದು ನಡೆದರು. ಹೊರಗೆ ಇಳಿತವಾಗಿತ್ತು. ಬೀರಮ್ಮನನ್ನು ಕರೆಸಿ ದಿಬ್ಬ ಬಗೆಯಲು ಹೇಳಿದರು.

ಮೊಣಕೈವರೆಗೂ ಹೂಳು. ಅದರಡಿ ಸಿಕ್ಕ ಚಿಪ್ಪುಗಳ ತುಂಬ ಕೆಸರು. ಒಂದರಲ್ಲೂ ಜೀವವಿರಲಿಲ್ಲ.

ಬೀರಮ್ಮ ಕೈ ತೊಳೆದುಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡು, ಹೊರಟುಹೋದಳು. ನಾಲ್ಕು ಮಾತು ಬೈದಿದ್ದರೆ ಹೇರಂಬನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ದಂಡೆಯ ಮೇಲೆ ಅತ್ತಿಂದಿತ್ತ ತಿರುಗಿದ. ಕೊನೆಗೆ ತಡೆಯಲಾಗದೆ ಕೇಳಿದ.

"ಗುರುಗಳೇ, ನಾನು ಬರೆದದ್ದರಲ್ಲಿ ಒಂದು ಅಂಕಿಯಾದರೂ ಸುಳ್ಳೇ?"

"ಅಲ್ಲ," ಎಂದರು ಗುರುಗಳು. "ಉಬ್ಬರದ ನಿಜವನ್ನು ನೀನಿಟ್ಟುಕೊಂಡೆ. ಇಳಿತದ ನಿಜವನ್ನು ಬೀರಮ್ಮನಿಗೆ ಬಿಟ್ಟೆ."