ಚೆನ್ನಂಜ ಮೆಟ್ರೊ ಹತ್ತಿದನೇ?

ಕಪಿಲಾ ನದಿಯ ದಡದಲ್ಲಿ ಓಡುವವರ ಆಶ್ರಮವೊಂದಿತ್ತು.

ಓಡುವವರ ಆಶ್ರಮ ಎಂದರೆ ಮನೆ ಬಿಟ್ಟು ಓಡಿಹೋದವರ ಆಶ್ರಮ ಎಂದು ತಿಳಿಯಬಾರದು. ಅಲ್ಲಿ ಜಪವಿತ್ತು, ಪಾಠವಿತ್ತು, ದನಗಳ ಕೆಲಸವಿತ್ತು. ಆದರೆ ಎಲ್ಲಕ್ಕೂ ಮೊದಲು ಓಟ.

ಬೆಳಕು ಹರಿಯುವ ಮುಂಚೆ ಶಿಷ್ಯರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ನದಿಯ ಏರಿಯ ಮೇಲೆ ಓಡುತ್ತಿದ್ದರು. ಸ್ನಾನಘಟ್ಟದವರೆಗೆ ಹೋಗಬೇಕು. ಕೈಯಲ್ಲಿ ದೀಪವಿಲ್ಲ, ಬಾಯಲ್ಲಿ ಮಾತಿಲ್ಲ. ಪ್ರತಿಯೊಬ್ಬನೂ ತನ್ನ ಮುಂದಿನವನ ಬೆನ್ನು ನೋಡಿಕೊಂಡು ಓಡಬೇಕು. ಅವನು ಎಡಕ್ಕೆ ಸರಿದರೆ ತಾನೂ ಎಡಕ್ಕೆ, ಅವನು ನಿಂತರೆ ತಾನೂ ನಿಲ್ಲಬೇಕು.

ಎಲ್ಲರಿಗಿಂತ ಮುಂದಿರುವವನಿಗೆ ಮಾತ್ರ ನೋಡಲು ಬೆನ್ನಿಲ್ಲ. ಅವನು ದಾರಿ ನೋಡಬೇಕು.

ಬಹಳ ವರ್ಷ ಹಾಗೆ ಮುಂದೆ ಓಡಿದವರು ಗುರುಗಳೇ. ಅವರನ್ನು ಎಲ್ಲರೂ ‘ಬುದ್ಧಿ’ ಎಂದು ಕರೆಯುತ್ತಿದ್ದರು. ಆ ಸೀಮೆಯಲ್ಲಿ ಮಠದ ಹಿರಿಯರನ್ನು ಹಾಗೆಯೇ ಕರೆಯುವುದು. ಈಗ ಅವರ ಮಂಡಿ ಸವೆದಿತ್ತು. ಇನ್ನು ಮುಂದೆ ಸಾಲನ್ನು ಯಾರು ನಡೆಸಬೇಕು ಎಂದು ಅವರು ಹೇಳಿರಲಿಲ್ಲ.

ಹೇಳದಿದ್ದರೂ ಅದು ತಾನೇ ಎಂದು ಕರಿಬಸವ ಎಂಬ ಶಿಷ್ಯನಿಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದಕ್ಕಿಂತ ಹಾಗೆ ಅಂದುಕೊಂಡಿದ್ದ ಅನ್ನುವುದು ಸರಿ. ಆಶ್ರಮದಲ್ಲಿ ಅವನಷ್ಟು ಬಿರುಸಾಗಿ ಓಡುವವರು ಬೇರೆ ಇರಲಿಲ್ಲ.

ಆ ವರ್ಷ ಬೆಂಗಳೂರಿನ ಭಕ್ತರೊಬ್ಬರು ಅಲ್ಲಿನ ಮ್ಯಾರಥಾನಿಗೆ ಇಬ್ಬರು ಶಿಷ್ಯರ ಹೆಸರು ಬರೆಸಿದರು. ಮ್ಯಾರಥಾನ್ ಎಂದರೆ ನಲವತ್ತೆರಡು ಕಿಲೋಮೀಟರಿನ ಓಟ. ನಗರದ ರಸ್ತೆಗಳನ್ನೇ ಮುಚ್ಚಿ ಸಾವಿರಾರು ಜನ ಒಟ್ಟಿಗೆ ಓಡುತ್ತಾರೆ. ಗುರುಗಳು ಕರಿಬಸವನನ್ನು ಕಳಿಸಿದರು. ಜೊತೆಗೆ ಚೆನ್ನಂಜನನ್ನೂ ಕಳಿಸಿದರು.

ಚೆನ್ನಂಜ ಸಾಲಿನ ಕೊನೆಯಲ್ಲಿ ಓಡುವವನು. ಅವನನ್ನೇಕೆ ಕಳಿಸಿದರು ಎಂದು ಕರಿಬಸವನಿಗೆ ಆಗಲೇ ಅನುಮಾನ ಬಂದಿತ್ತು.

ಓಟ ಮುಗಿಸಿ ಇಬ್ಬರೂ ಹಿಂತಿರುಗಿದರು. ಇಬ್ಬರೂ ಕುಂಟುತ್ತಿದ್ದರು. ಇಬ್ಬರ ಕೊರಳಲ್ಲೂ ಪದಕವಿತ್ತು. ಓಟ ಪೂರೈಸಿದವರಿಗೆಲ್ಲ ಅದನ್ನು ಕೊಡುತ್ತಾರೆ, ಗೆದ್ದವರಿಗೆ ಮಾತ್ರ ಅಲ್ಲ.

ಚೆನ್ನಂಜ ನೇರ ಕೊಟ್ಟಿಗೆಗೆ ಹೋದ. ಕರಿಬಸವ ಗುರುಗಳ ಬಳಿಗೆ ಬಂದ.

“ಬುದ್ಧಿ, ಒಂದು ಮಾತಿದೆ.”

“ಮೊದಲು ಕೂತ್ಕೊ. ಕಾಲು ನಡುಗ್ತಿದೆ.”

“ಕೂತು ಆಡೋ ಮಾತಲ್ಲ. ಚೆನ್ನಂಜ ಮೋಸ ಮಾಡಿದಾನೆ.”

“ಏನು ಮೋಸ?”

“ಮೆಟ್ರೊ ಹತ್ತಿದಾನೆ.”

ಮೆಟ್ರೊ ಎಂದರೆ ನಗರದೊಳಗೆ ಓಡಾಡುವ ರೈಲು. ಓಟದ ದಾರಿಯ ಪಕ್ಕದಲ್ಲಿ, ಕಂಬಗಳ ಮೇಲೆ ಅದು ಹೋಗುತ್ತದೆ. ಓಡಲಾರದವನು ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದರೆ ಕೇಳುವವರಿಲ್ಲ ಎಂಬುದು ಕರಿಬಸವನ ಲೆಕ್ಕ.

“ಹತ್ತಿದ್ದನ್ನು ನೋಡಿದೆಯಾ?”

“ನೋಡಬೇಕೇನು ಬುದ್ಧಿ? ಶುರುವಿನಿಂದ ನಾನು ಮುಂದೆ, ಅವನು ಹಿಂದೆ. ಅವನು ನನ್ನನ್ನು ದಾಟಲೇ ಇಲ್ಲ. ನಾನು ಕೊನೆ ಮುಟ್ಟೋ ಹೊತ್ತಿಗೆ ಪದಕ ಹಾಕಿಕೊಂಡು ಬಾಳೆಹಣ್ಣು ಸುಲಿಯುತ್ತಾ ಕೂತಿದ್ದ. ಹಾರಿ ಬಂದನಾ?”

“ದಾಟಲಿಲ್ಲ ಅಂತ ಹೇಗೆ ಹೇಳ್ತೀಯ?”

“ಉದ್ದಕ್ಕೂ ತಿರುಗಿ ನೋಡ್ತಾನೇ ಇದ್ದೆನಲ್ಲ. ಹಿಂದಿನ ದಿನವೇ ನನಗೆ ಗೊತ್ತಾಗಿತ್ತು. ಆ ಭಕ್ತರ ಹತ್ತಿರ ‘ಮೆಟ್ರೊ ಎಲ್ಲೆಲ್ಲಿ ನಿಲ್ಲುತ್ತೆ ಸಾರ್’ ಅಂತ ಕೇಳ್ತಿದ್ದ. ಕಿವಿಯಾರೆ ಕೇಳಿದೀನಿ.”

ಗುರುಗಳು ಮಂಡಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬಟ್ಟಲನ್ನು ಅವನ ಕಡೆ ತಳ್ಳಿದರು.

“ನೀನೂ ಹಚ್ಚಿಕೊ. ಓಟ ಹೇಗಿತ್ತು ಹೇಳು.”

ಕರಿಬಸವ ಕೂತ. ಹಚ್ಚಿಕೊಳ್ಳುವ ಮೊದಲು ಎಣ್ಣೆಯನ್ನು ಮೂಸಿ ನೋಡಿದ.

“ಬೆಳಗಿನ ಜಾವ ಮೈದಾನದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕಿದ್ದರು. ಪರಿಚಯವೇ ಇಲ್ಲದವರು ಬಂದು ಕೈ ಹಿಡಿದು ಆಲ್ ದಿ ಬೆಸ್ಟ್ ಅಂತಿದ್ದರು. ಗೊತ್ತಿಲ್ಲದವರು ನಮಗೆ ಯಾಕೆ ಒಳ್ಳೇದು ಬಯಸ್ತಾರೆ ಬುದ್ಧಿ? ನಾನು ಮಾತಾಡಲಿಲ್ಲ.”

“ಆಮೇಲೆ?”

“ದಾರೀಲಿ ಹುಡುಗಿಯರು ಲೋಟದಲ್ಲಿ ನೀರು ಕೊಡ್ತಿದ್ದರು. ಮುಟ್ಟಲಿಲ್ಲ. ಯಾವ ನೀರೋ ಏನೋ. ಸೊಂಟಕ್ಕೆ ನನ್ನದೇ ಬಾಟಲಿ ಕಟ್ಟಿಕೊಂಡಿದ್ದೆ.”

“ಸಾಕಾಯ್ತಾ?”

“ಅರ್ಧ ದಾರಿಗೆ ಮುಗೀತು.”

“ಆಮೇಲೆ?”

“ರಸ್ತೆಯ ಎರಡೂ ಕಡೆ ಜನ ಚಪ್ಪಾಳೆ ತಟ್ತಿದ್ದರು. ಎದೆ ಮೇಲೆ ಚುಚ್ಚಿಕೊಂಡಿರೋ ನಂಬರಿನ ಕೆಳಗೆ ಹೆಸರು ಇರುತ್ತಲ್ಲ, ಅದನ್ನು ಓದಿ ‘ಕಮಾನ್ ಕರಿಬಸವ’ ಅಂತ ಕೂಗ್ತಿದ್ದರು. ಚಪ್ಪಾಳೆ ನನಗೋ, ನನ್ನ ಹಿಂದೆ ಬರ್ತಿರೋರಿಗೋ ಅಂತ ಅನುಮಾನ ಬಂತು. ತಿರುಗಿ ನೋಡಿದೆ.”

“ಯಾರಿದ್ದರು ಹಿಂದೆ?”

“ಹನುಮಂತನ ವೇಷ ಹಾಕಿಕೊಂಡ ಒಬ್ಬ. ಗದೆ, ಬಾಲ ಎಲ್ಲ ಇತ್ತು. ಆ ಸೆಕೆಯಲ್ಲಿ ಯಾರಾದರೂ ಸುಮ್ಮನೆ ಮುಖವಾಡ ಹಾಕಿಕೊಂಡು ಓಡ್ತಾರಾ? ಒಳಗೆ ಚೆನ್ನಂಜನೇ ಇರಬೇಕು ಅನ್ನಿಸ್ತು. ಫ್ಲೈಓವರ್ ಇಳಿಯೋ ಹತ್ತಿರ ಅವನನ್ನು ನಿಲ್ಲಿಸಿ ಮುಖವಾಡ ಎತ್ತಿ ನೋಡಿದೆ.”

“ಯಾರು?”

“ಯಾರೋ ಬ್ಯಾಂಕಿನವರಂತೆ. ಬೈದರು.”

ಗುರುಗಳು ನಗಲಿಲ್ಲ. ನಗು ಬರಬಾರದೆಂದು ನದಿಯ ಕಡೆ ನೋಡಿದರು.

“ಅವರ ಹಿಂದೆ ಕೆಂಪು ಬೂಟಿನ ಹೆಂಗಸು. ಆಯಮ್ಮನ ಹಿಂದೆ ಒಂದೇ ಥರದ ಟೋಪಿ ಹಾಕಿದ ಅಣ್ಣತಮ್ಮಂದಿರು. ಅವರ ಹಿಂದೆ ಬೊಕ್ಕತಲೆಯವರೊಬ್ಬರು, ಅಳ್ತಾ ಓಡ್ತಿದ್ದರು. ಯಾಕೆ ಅಳ್ತಿದ್ದರೋ. ಎಲ್ಲರ ಮುಖವೂ ನೆನಪಿದೆ ಬುದ್ಧಿ. ಅದರಲ್ಲಿ ಚೆನ್ನಂಜನ ಮುಖ ಇರಲಿಲ್ಲ.”

“ನಿನ್ನ ಮುಂದೆ ಯಾರಿದ್ದರು?”

ಕರಿಬಸವ ಎಣ್ಣೆಯ ಕೈ ನಿಲ್ಲಿಸಿ ಯೋಚಿಸಿದ.

“ಜನ ಇದ್ದರು.”

“ಎಂಥ ಜನ?”

“ಓಡೋರು.”

ಗುರುಗಳು ಚೆನ್ನಂಜನನ್ನು ಕೂಗಿದರು. ಅವನು ಸೆಗಣಿಯ ಕೈಯನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಾ ಬಂದ.

“ಚೆನ್ನಂಜ, ಮೆಟ್ರೊ ಹತ್ತಿದೆಯಾ?”

“ಹತ್ತಿದೆ ಬುದ್ಧಿ.”

ಕರಿಬಸವ ಎದ್ದು ನಿಂತ. “ಕೇಳಿದ್ರಾ?”

“ಓಟ ಆದಮೇಲೆ, ಬಸ್‌ಸ್ಟ್ಯಾಂಡಿಗೆ ಹೋಗೋಕೆ. ಅಣ್ಣನ ಪಕ್ಕದಲ್ಲೇ ಕೂತಿದ್ದೆನಲ್ಲ.”

“ಅದಲ್ಲ ಕಣೋ. ಓಟದ ಮಧ್ಯೆ ಹತ್ತಿದೆಯಲ್ಲ, ಅದು.”

“ಓಟದ ಮಧ್ಯೆ ಹತ್ತಿದರೆ ಓಡಿದ ಹಾಗೆ ಹೇಗಾಗುತ್ತೆ ಅಣ್ಣ?”

“ನೋಡಿ ಬುದ್ಧಿ, ಉತ್ತರ ಎಲ್ಲ ತಯಾರಾಗಿದೆ.”

ಗುರುಗಳು ಚೆನ್ನಂಜನನ್ನು ಕೇಳಿದರು, “ಇವನನ್ನು ಎಲ್ಲಿ ದಾಟಿದೆ?”

“ಒಂದು ಫ್ಲೈಓವರ್ ಇಳಿಯೋ ಕಡೆ ಬುದ್ಧಿ. ಅಣ್ಣ ನಿಂತುಕೊಂಡು ಯಾರದೋ ಮುಖವಾಡ ಬಿಚ್ತಿದ್ದ. ಅವರು ಬಯ್ತಿದ್ದರು. ‘ಬಾ ಅಣ್ಣ, ಹೋಗಣ’ ಅಂತ ಕರೆದೆ. ಕೇಳಿಸಲಿಲ್ಲ ಅನ್ನಿಸುತ್ತೆ.”

ಗುರುಗಳು ಕರಿಬಸವನ ಕಡೆ ತಿರುಗಿದರು.

“ಕೊಟ್ಟಿಗೆಯಲ್ಲಿ ನಿಂತು ನನ್ನ ಮಾತೆಲ್ಲ ಕೇಳಿಸಿಕೊಂಡಿದಾನೆ,” ಎಂದ ಕರಿಬಸವ.

ಕೊಟ್ಟಿಗೆ ಆಶ್ರಮದ ಇನ್ನೊಂದು ತುದಿಯಲ್ಲಿತ್ತು. ಅಲ್ಲಿಂದ ಕೂಗಿದರೂ ಇಲ್ಲಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದು ಕರಿಬಸವನಿಗೂ ಗೊತ್ತಿತ್ತು. ಆದರೂ ಹಾಗೆಂದ.

“ಬುದ್ಧಿ, ನಾನು ನೇರ ಹೇಳ್ತೀನಿ. ಸುಳ್ಳು ಹೇಳುವವನ ಜೊತೆ ನಾನು ಓಡಲ್ಲ. ಈ ಸೂರಿನಡಿ ಒಂದು ಅವನಿರಬೇಕು, ಇಲ್ಲ ನಾನಿರಬೇಕು.”

ಚೆನ್ನಂಜನ ಮುಖ ಸಣ್ಣಗಾಯಿತು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಸಾಕಿದ ಅಜ್ಜಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದವನು. ಇಲ್ಲಿಂದ ಹೊರಟರೆ ಯಾವ ಕಡೆಯ ಬಸ್ಸು ಹತ್ತಬೇಕು ಎಂಬುದೂ ಅವನಿಗೆ ತಿಳಿಯದು.

ಗುರುಗಳು ಹೇಳಿದರು, “ಆಯ್ತು. ನಾಳೆ ಬೆಳಿಗ್ಗೆ ಸಾಲಿನ ಮುಂದೆ ನೀನು ಓಡು ಕರಿಬಸವ. ಘಟ್ಟ ಮುಟ್ಟಿದ ಮೇಲೆ ನೀನೇ ಹೇಳು. ಹೋಗು ಅಂದರೆ ಇವನು ಅಲ್ಲಿಂದ ಹಾಗೇ ಹೋಗ್ತಾನೆ. ನಾನು ಬಾಯಿ ಹಾಕಲ್ಲ.”

“ನನ್ನ ಬಟ್ಟೆಬರೆ ಬುದ್ಧಿ?” ಎಂದ ಚೆನ್ನಂಜ.

“ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡೇ ಓಡು.”

ಕೇಳಿದ್ದು ಸಿಕ್ಕಿತ್ತು. ಸಾಲಿನ ಮುಂದಿನ ಜಾಗವೂ ಸಿಕ್ಕಿತ್ತು. ಆದರೆ ಬುದ್ಧಿಯವರು ಇಷ್ಟು ಸುಲಭವಾಗಿ ಯಾಕೆ ಒಪ್ಪಿದರು ಎಂದು ಕರಿಬಸವನಿಗೆ ಅನುಮಾನವಾಯಿತು.

ಬೆಳಿಗ್ಗೆ ನದಿಯ ಮೇಲೆ ಮಂಜು ಕೂತಿತ್ತು. ಗುರುಗಳು ಮೊದಲೇ ತೆಪ್ಪದಲ್ಲಿ ಸ್ನಾನಘಟ್ಟಕ್ಕೆ ಹೋಗಿದ್ದರು. ಕರಿಬಸವ ಓಡಲು ಶುರುಮಾಡಿದ. ಅವನ ಹಿಂದೆ ಮಾದಯ್ಯ, ಮಾದಯ್ಯನ ಹಿಂದೆ ಉಳಿದವರು, ಎಲ್ಲರ ಹಿಂದೆ ಗಂಟು ಹೊತ್ತ ಚೆನ್ನಂಜ.

ಸ್ವಲ್ಪ ದೂರದಲ್ಲಿ ಬಾಳೆತೋಟದ ನಡುವೆ ಒಂದು ಗಾಡಿದಾರಿ ಒಡೆಯುತ್ತದೆ. ಆ ಕಡೆ ಹೋದರೆ ಘಟ್ಟ ಹತ್ತಿರ. ಚೆನ್ನಂಜ ಅಲ್ಲಿ ನುಗ್ಗಿ ಮುಂದೆ ಬಂದು ಕೂತುಬಿಟ್ಟರೆ?

ಕರಿಬಸವ ತಿರುಗಿ ನೋಡಿದ.

ಚೆನ್ನಂಜ ಕಾಣಲಿಲ್ಲ. ಮಾದಯ್ಯನ ಮುಖವೂ ಕಾಣಲಿಲ್ಲ. ಕಂಡದ್ದು ಮಾದಯ್ಯನ ಹಿಂದಲೆ. ಅವನೂ ಹಿಂದಕ್ಕೆ ತಿರುಗಿದ್ದ. ಅವನ ಹಿಂದಿನವನೂ ತಿರುಗಿದ್ದ. ಸಾಲಿನ ಉದ್ದಕ್ಕೂ ಬರೀ ಹಿಂದಲೆಗಳು.

ಇವರೆಲ್ಲ ಚೆನ್ನಂಜನಿಗೆ ಸನ್ನೆ ಮಾಡುತ್ತಿದ್ದಾರೆ ಎಂದುಕೊಂಡ ಕರಿಬಸವ. ಎಲ್ಲರೂ ಅವನ ಕಡೆಯವರು. ಏನೋ ಮಾತಾಡಿಕೊಂಡಿದ್ದಾರೆ.

ಇನ್ನೊಮ್ಮೆ ತಿರುಗಿದ. ಎಲ್ಲರೂ ಇನ್ನೊಮ್ಮೆ ತಿರುಗಿದರು.

ಈ ಸಲ ಕರಿಬಸವ ಬಹಳ ಹೊತ್ತು ತಿರುಗಿಕೊಂಡೇ ಓಡಿದ. ಏರಿ ಬಲಕ್ಕೆ ಹೊರಳಿತು. ಕರಿಬಸವ ಹೊರಳಲಿಲ್ಲ. ನೇರವಾಗಿ ಕೆಳಗಿನ ಕೆಸರಿಗೆ ಇಳಿದ. ಮುಂದಿನವನು ಹೋದಲ್ಲಿಗೆ ಹೋಗುವುದು ಪದ್ಧತಿಯಾದ್ದರಿಂದ ಮಾದಯ್ಯನೂ ಇಳಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಚೆನ್ನಂಜನೂ ಗಂಟಿನ ಸಮೇತ ಇಳಿದ.

ಘಟ್ಟ ಮುಟ್ಟಿದಾಗ ಯಾರ ಮೈಯಲ್ಲೂ ಕೆಸರಿಲ್ಲದ ಜಾಗವಿರಲಿಲ್ಲ.

ಗುರುಗಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಎಲ್ಲರನ್ನೂ ನೋಡಿದರು.

“ಏನಾಯ್ತು ಮಾದಯ್ಯ?”

“ಮುಂದಿನವರು ತಿರುಗಿ ನೋಡಿದರು ಬುದ್ಧಿ. ಹಿಂದೆ ಹಾವೋ ಹಂದಿಯೋ ಇರಬೇಕು ಅಂತ ನಾನೂ ತಿರುಗಿದೆ.”

“ನೀನ್ಯಾಕೆ ತಿರುಗಿದೆ?” ಎಂದು ಅವನ ಹಿಂದಿನವನನ್ನು ಕೇಳಿದರು.

“ಮಾದಯ್ಯ ತಿರುಗಿದ.”

“ಚೆನ್ನಂಜ, ನೀನು?”

“ಎಲ್ಲರೂ ತಿರುಗಿದರಲ್ಲ ಬುದ್ಧಿ. ನಾನೂ ತಿರುಗಿದೆ.”

“ನಿನ್ನ ಹಿಂದೆ ಯಾರಿದ್ದರು?”

“ಯಾರೂ ಇರಲಿಲ್ಲ. ಆದರೂ ಹೆದರಿಕೆ ಆಯ್ತು.”

ಮಾದಯ್ಯ ಮೊದಲು ನಕ್ಕ. ಆಮೇಲೆ ಉಳಿದವರು ನಕ್ಕರು. ನಗದೇ ಇದ್ದವರು ಇಬ್ಬರೇ, ಕರಿಬಸವ ಮತ್ತು ಚೆನ್ನಂಜ. ಚೆನ್ನಂಜ ಮುಖದ ಕೆಸರು ಒರೆಸಿಕೊಂಡು, ಗಂಟಿನಿಂದ ನೀರು ಹಿಂಡುತ್ತಾ ಕರಿಬಸವನ ಬಾಯಿಯನ್ನೇ ನೋಡುತ್ತಿದ್ದ. ಆ ಬಾಯಿಂದ ಬರುವ ಒಂದು ಮಾತಿನ ಮೇಲೆ ಅವನ ಊಟ, ಚಾಪೆ, ಗುರು ಎಲ್ಲವೂ ನಿಂತಿತ್ತು.

“ಹೇಳು ಕರಿಬಸವ,” ಎಂದರು ಗುರುಗಳು. “ಇವನು ಹೋಗಬೇಕಾ, ಇರಬೇಕಾ?”

ಕರಿಬಸವ ಚೆನ್ನಂಜನನ್ನು ನೋಡಿದ. ಬೆಂಗಳೂರಿಗೆ ಹೊರಟ ದಿನದಿಂದ ಅವನ ಮುಖವನ್ನು ಸರಿಯಾಗಿ ನೋಡಿದ್ದು ಇದೇ ಮೊದಲು. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ತುಟಿ ಒಡೆದಿತ್ತು. ಹಿಂಡಿದ ನೀರು ಬಿದ್ದು ಕೆಸರು ಕಳೆದಿದ್ದ ಕಾಲಿನ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಬಹಳ ದೂರ ಓಡಿದವರ ಉಗುರು ಹಾಗಾಗುತ್ತದೆ. ಕರಿಬಸವನ ಉಗುರೂ ಹಾಗೆಯೇ ಆಗಿತ್ತು.

“ಇರಲಿ ಬುದ್ಧಿ.”

ಚೆನ್ನಂಜ ಗಂಟನ್ನು ಮೆಟ್ಟಿಲ ಮೇಲಿಟ್ಟ.

“ನಾಳೆಯಿಂದ ನಾನು ಸಾಲಿನ ಕೊನೆಗೆ ನಿಲ್ತೀನಿ,” ಎಂದ ಕರಿಬಸವ.

“ನಿಲ್ಲು.”

ಉಳಿದವರು ಮೈ ತೊಳೆಯಲು ನೀರಿಗಿಳಿದರು. ಚೆನ್ನಂಜನೂ ಇಳಿದ. ಕರಿಬಸವ ಮಾತ್ರ ಹೋಗಲಿಲ್ಲ. ಗುರುಗಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

“ಬುದ್ಧಿ, ಅವನು ಇರಲಿ ಅಂದೆ, ಅದು ಮುಗೀತು. ಆದರೆ ನನ್ನ ಸಮಾಧಾನಕ್ಕೆ ಒಂದೇ ಒಂದು ಹೇಳಿ. ಅಲ್ಲಿ ಇವನು ನಿಜವಾಗಿಯೂ ಪೂರ್ತಿ ಓಡಿದನಾ?”

“ನಮ್ಮಿಬ್ಬರಿಗೆ ಅದು ಹೇಗೆ ಗೊತ್ತಾಗಬೇಕಪ್ಪ? ಆ ಓಟಕ್ಕೆ ನಾನೂ ಹೋಗಿರಲಿಲ್ಲ, ನೀನೂ ಹೋಗಿರಲಿಲ್ಲ.”