ಬಂಡೆಯೊಳಗಿನ ಜೇನು

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಊರೂರು ತಿರುಗುವಂತಿಲ್ಲ. ಹಿರಿಯ ಭಿಕ್ಷು ಉಪಸೀವರೂ ಅವರ ಶಿಷ್ಯ ಸೋಣಕನೂ ಆ ವರ್ಷ ಹೊಳೆಯ ಮೇಲಿನ ಗುಹೆಗಳಲ್ಲಿ ಉಳಿದರು.

ಸೋಣಕನ ಗುಹೆಯ ಬಂಡೆಯಲ್ಲೊಂದು ಬಿರುಕು. ಅದರೊಳಗೆ ತುಡುವೆ ಜೇನು. ಧ್ಯಾನಕ್ಕೆ ಕೂತರೆ ಕಿವಿಯ ಸುತ್ತ ಗುಂಯ್ ಎನ್ನುತ್ತಿತ್ತು. ಎರಡು ಸಲ ಕಚ್ಚಿಯೂ ಆಯಿತು.

"ಅವು ನಿನಗಿಂತ ಮೊದಲು ಬಂದವು. ನೀನೇ ಬೇರೆ ಗುಹೆಗೆ ಹೋಗು," ಎಂದರು ಗುರು.

ಬೇರೆ ಗುಹೆ ಸೋರುತ್ತಿತ್ತು. ಸೋಣಕ ಹೋಗಲಿಲ್ಲ. ಒಂದು ಸಂಜೆ, ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಜೇಡಿಮಣ್ಣು ತಂದು ಬಿರುಕಿಗೆ ಮೆತ್ತಿಬಿಟ್ಟ.

ಮೂರು ದಿನ ಬಂಡೆ ಒಳಗಿನಿಂದ ಗುನುಗಿತು. ನಾಲ್ಕನೆಯ ದಿನ ಸುಮ್ಮನಾಯಿತು. ಅಂದು ಸೋಣಕನ ಧ್ಯಾನ ಚೆನ್ನಾಗಿ ಕೂಡಿಬಂತು.

ಐದನೆಯ ದಿನ ಮಧ್ಯಾಹ್ನ ಮತ್ತೆ ಸದ್ದು.

ಬಂಡೆಗೆ ಕಿವಿಯಿಟ್ಟ. ಅಲ್ಲಿ ಏನೂ ಇಲ್ಲ. ಸದ್ದು ಭಿಕ್ಷಾಪಾತ್ರೆಯಿಂದ ಬರುತ್ತಿತ್ತು. ಪಾತ್ರೆಯನ್ನು ಬೋರಲು ಹಿಡಿದು ಕೊಡವಿದ. ಏನೂ ಬೀಳಲಿಲ್ಲ. ಸೂತ್ರ ಹೇಳಲು ಬಾಯಿ ತೆರೆದ. ಸದ್ದು ಅವನ ಹಲ್ಲುಗಳ ಹಿಂದೆಯೇ ಇತ್ತು.

ಗುರುವಿನ ಬಳಿಗೆ ಓಡಿದ.

"ಭಂತೇ, ಜೇನು ನನ್ನನ್ನು ಹಿಡಿದುಕೊಂಡಿದೆ!"

"ಕೊಂದೆಯಾ?"

"ಇಲ್ಲ ಭಂತೇ. ಒಂದು ಹುಳುವನ್ನೂ ಮುಟ್ಟಿಲ್ಲ. ಬಾಗಿಲು ಮುಚ್ಚಿದೆ, ಅಷ್ಟೇ."

ಗುರು ಎದ್ದು ಅವನ ಗುಹೆಗೆ ಬಂದರು. ಒಣಗಿದ ಮಣ್ಣಿನ ಮೇಲೆ ಬೆರಳಾಡಿಸಿದರು.

"ತೆಗೆ. ಒಡೆಯಬೇಡ, ಇಡಿಯಾಗಿ ತೆಗೆ."

ಸೋಣಕ ಮೊನಚು ಕಲ್ಲಿನಿಂದ ಸುತ್ತ ಕೆರೆದು ಮಣ್ಣಿನ ಹೆಂಟೆಯನ್ನು ಎಳೆದ. ಸತ್ತ ಹುಳುಗಳು ಒಣ ಹೊಟ್ಟಿನ ಹಾಗೆ ಅವನ ಪಾದದ ಮೇಲೆ ಸುರಿದವು.

"ತಿರುಗಿಸಿ ನೋಡು."

ಹೆಂಟೆಯ ಒಳಮೈ ತುಂಬ ಸಣ್ಣ ಸಣ್ಣ ತೂತು. ತೂತಿಗೊಂದು ಹುಳು, ತಲೆ ಹುದುಗಿಸಿಕೊಂಡು ಸತ್ತಿತ್ತು. ಒಂದು ಕಡೆ ಅವು ಬಲು ಆಳಕ್ಕೆ ಕೊರೆದಿದ್ದವು. ಹೊರಗೆ ಬರಲು ಇನ್ನು ಉಗುರಿನಷ್ಟು ಮಣ್ಣು ಉಳಿದಿತ್ತು.

ಸೋಣಕ ಹೆಂಟೆಯನ್ನು ಮೆಲ್ಲನೆ ಕೆಳಗಿಟ್ಟ.

"ಇವು ಕೊರೆಯುವಾಗ ನಾನು ಇಲ್ಲೇ ಕೂತಿದ್ದೆ ಭಂತೇ. ಕೇಳಿಸುತ್ತಿತ್ತು. 'ಎಲ್ಲ ಜೀವಿಗಳೂ ಸುಖವಾಗಿರಲಿ' ಎಂದು ಹೇಳಿಕೊಳ್ಳುತ್ತಾ ಕೂತಿದ್ದೆ."

ಗುರು ತಮ್ಮ ಮೇಲುಹೊದಿಕೆಯನ್ನು ನೆಲಕ್ಕೆ ಹಾಸಿದರು. ಇಬ್ಬರೂ ಹುಳುಗಳನ್ನು ಒಂದೊಂದಾಗಿ ಆಯ್ದು ಅದರಲ್ಲಿಟ್ಟರು. ಬಿಸಿಲು ಇಳಿಯುವವರೆಗೂ ಆಯ್ದರು. ಹೊಳೆದಂಡೆಯ ಮತ್ತಿಮರದ ಬುಡದಲ್ಲಿ ಮಣ್ಣು ಮಾಡಿದರು.

ಸೋಣಕ ಕಿವಿ ಮುಚ್ಚಿಕೊಂಡ.

"ಇನ್ನೂ ಇದೆ ಭಂತೇ. ತಪ್ಪು ಒಪ್ಪಿಕೊಂಡ ಮೇಲೂ ಇದೆ. ಯಾವಾಗ ನಿಲ್ಲುತ್ತದೆ?"

ಗುರು ಕಾಡಿನ ಕಡೆಗೆ ನೋಡುತ್ತಿದ್ದರು. ನೋಡುತ್ತಲೇ ಕಾಲುದಾರಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು, ಯಾರಿಗೋ ದಾರಿ ಬಿಡುವವರಂತೆ.

ದಾರಿಯಲ್ಲಿ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಆದರೆ ದಂಡೆಯ ಹತ್ತಿರ ನೀರಿನಲ್ಲಿ ಉಂಗುರಗಳೆದ್ದವು, ಯಾವುದೋ ಪ್ರಾಣಿ ಬಾಯಿ ಹಚ್ಚಿದಂತೆ.

"ಯಾರು ಭಂತೇ?" ಸೋಣಕ ಕೇಳಿದ.

"ಭಿಕ್ಷುವಾಗುವ ಮೊದಲು ನಾನು ಬೇಟೆಗಾರ. ನೀರು ಕುಡಿಯಲು ಬಂದ ಜಿಂಕೆಯೊಂದನ್ನು ಹೊಡೆದಿದ್ದೆ. ನಲವತ್ತು ವರ್ಷವಾಯಿತು, ನಾನಿರುವಲ್ಲಿಗೆ ದಿನವೂ ಬರುತ್ತದೆ."

"ಅದು ಎಂದಿಗೂ ಹೋಗುವುದೇ ಇಲ್ಲವೇ?"

"ಸದ್ದು ಮಾಡಬೇಡ ಸೋಣಕ. ಅದರ ಬಾಯಾರಿಕೆ ಇನ್ನೂ ತೀರಿಲ್ಲ."