ನಲವತ್ತನೆಯ ದಿನದ ಬ್ರೇಕು

ಗುಡ್ಡದ ಮೇಲಿನ ಆ ಆಶ್ರಮಕ್ಕೆ ಇದ್ದದ್ದು ಒಂದೇ ಕಾರು. ಅದರ ವಯಸ್ಸು ಕೇಳಿದರೆ ಗುರುಗಳು ನಕ್ಕುಬಿಡುತ್ತಿದ್ದರು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಅಜ್ಜಾರು ಎಂದು.

ಶಿಷ್ಯ ಅಡವೀಶ ನಲವತ್ತೊಂದು ದಿನದ ಮೌನ ಹಿಡಿದಿದ್ದ. ಅದು ಮುಗಿದರೆ ಗುರುಗಳು ದೀಕ್ಷೆಯ ಮಂತ್ರ ಕೊಡುವವರಿದ್ದರು. ಇವತ್ತು ನಲವತ್ತನೆಯ ದಿನ.

ಬೆಳಿಗ್ಗೆಯೇ ಅಡುಗೆಯ ಪಾರವ್ವ ಬಂದು ನಿಂತಳು.

“ನಾಳೆ ನನ್ನ ಕಣ್ಣಿನ ಆಪರೇಷನ್ ಐತ್ರಿ, ಅಜ್ಜಾರ. ಕಾರು ಗುಡ್ಡ ಇಳೀತೈತೋ ಇಲ್ಲೋ?”

“ಇಳಿಯೂದು ಇಳೀತೈತಿ. ನಿಲ್ಲೂದು ಮಾತ್ರ ಅನುಮಾನ.”

ಅಡವೀಶ ಆಶ್ರಮಕ್ಕೆ ಬರುವ ಮೊದಲು ಗ್ಯಾರೇಜಿನಲ್ಲಿದ್ದವನು. ಬ್ರೇಕ್ ಎಣ್ಣೆ ಸೋರುತ್ತಿದ್ದ ಪೈಪನ್ನು ಬದಲಿಸಿ, ಪೆಡಲ್ ತುಳಿದು ನೋಡಿದ. ಅದು ಮೆತ್ತಗೆ ತಳ ಮುಟ್ಟಿತು. ನಾಲ್ಕು ಸಲ ತುಳಿದ ಮೇಲೆ ಗಟ್ಟಿಯಾಯಿತು.

ಸ್ಲೇಟಿನ ಮೇಲೆ ಬರೆದು ತೋರಿಸಿದ: “ಪೈಪಿನೊಳಗ ಗಾಳಿ ಹೊಕ್ಕೈತಿ. ನೀವು ಪೆಡಲ್ ತುಳದು ಹಿಡೀರಿ. ನಾನು ಗಾಲಿ ಹತ್ರ ನಟ್ ಸಡಿಲ ಮಾಡಿ ಗಾಳಿ ಬಿಡ್ತೀನಿ. ಮತ್ತ ಬಿಗಿ ಮಾಡೂತನಕ ಕಾಲು ಎತ್ತಬ್ಯಾಡ್ರಿ.”

“ಎತ್ತಿದರ?”

ಅವನು ಸ್ಲೇಟು ಒರೆಸಿ ಬರೆದ: “ಹೋದ ಗಾಳಿ ತಿರುಗಿ ಒಳಗ ಬರ್ತೈತಿ.”

“ನೀ ಮಾತಾಡಾಂಗಿಲ್ಲ. ಕಾಲು ಎತ್ತು ಅಂತ ಹೆಂಗ ಹೇಳ್ತೀ?”

ಅವನು ಮತ್ತೆ ಬರೆದ: “ಸ್ಪ್ಯಾನರಿನಿಂದ ಎರಡು ಸಲ ಬಡೀತೀನಿ.”

ಗುರುಗಳು ಕಾವಿ ಮೇಲೆತ್ತಿ ಕಟ್ಟಿ ಡ್ರೈವರ್ ಸೀಟಿನಲ್ಲಿ ಕುಳಿತರು. ಪ್ರವಚನಕ್ಕೂ ಅವರು ಇಷ್ಟು ಹುರುಪಿನಿಂದ ಕುಳಿತದ್ದಿಲ್ಲ.

ಅಡವೀಶ ಕಾರಿನ ಕೆಳಗೆ ತೂರಿ ನಟ್ ಸಡಿಲಿಸಿದ. ಗುಳ್ಳೆ ಬಂತು. ಅಷ್ಟರಲ್ಲಿ ಗುರುಗಳು ಕಾಲೆತ್ತಿದರು. ಗಾಳಿ ಮತ್ತೆ ಒಳಗೆ ಹೋಯಿತು.

ಅವನು ಹೊರಬಂದು, ಯಾಕೆ ಎಂಬಂತೆ ಎರಡೂ ಕೈ ಚಾಚಿದ.

“ಬಡದಿಯಲ್ಲೋ ಎರಡು ಸಲ!”

ಅಡವೀಶ ಇಲ್ಲವೆಂದು ತಲೆ ಅಲ್ಲಾಡಿಸಿದ. ಎರಡನೆಯ ಸಲವೂ ಅದೇ ಆಯಿತು.

ಬಾಟಲಿಯಲ್ಲಿ ಉಳಿದ ಎಣ್ಣೆ ನಾಲ್ಕು ಗಾಲಿಗೆ ಸರಿಹೋಗುವಷ್ಟೇ ಇತ್ತು. ಇನ್ನೊಮ್ಮೆ ತಪ್ಪಿದರೆ ಕಾರು ಇಳಿಯುವಂತಿಲ್ಲ; ನಾಳೆಯ ಸರದಿ ತಪ್ಪಿ ಪಾರವ್ವ ಆಪರೇಷನ್ನಿಗೆ ಮತ್ತೆ ಆರು ತಿಂಗಳು ಕಾಯಬೇಕು.

ಮೂರನೆಯ ಸಲ ನಟ್ ಸಡಿಲಿಸಿದಾಗ ಅವನಿಗೆ ಕೇಳಿಸಿತು. ಅಡುಗೆಮನೆಯಲ್ಲಿ ಪಾರವ್ವ ನಾಳೆಯ ಬುತ್ತಿಗೆ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು, ಕಬ್ಬಿಣದ ಕುಟ್ಟಾಣಿಯಲ್ಲಿ. ಠಣ್, ಠಣ್.

ಮೇಲೆ ಸೀಟು ಕಿರ್ ಎಂದಿತು.

“ಬಿಡಬ್ಯಾಡ್ರೀ!”

ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದ್ದ. ಕುಟ್ಟಾಣಿ ಸುಮ್ಮನಾಯಿತು. ಗುರುಗಳ ಕಾಲು ಪೆಡಲಿನ ಮೇಲೇ ನಿಂತಿತು. ಕಡೆಯ ಗುಳ್ಳೆ ಹೊರಬಿದ್ದು, ಹಿಂದೆಯೇ ಬರಿಯ ಎಣ್ಣೆ ಬಂತು. ಅವನು ನಟ್ ಬಿಗಿದ.

ತಾನು ಮಾಡಿದ್ದೇನೆಂದು ತಿಳಿದದ್ದು ಆಮೇಲೆ. ಕಾರಿನ ಕೆಳಗಿಂದ ಹೊರಬಂದು ಮಣ್ಣಿನಲ್ಲೇ ಕುಸಿದು ಕುಳಿತ. ದುಃಖ ಉಕ್ಕಿ ಬಂತು.

“ಇನ್ನೊಂದೇ ದಿನ ಇತ್ರಿ, ಅಜ್ಜಾರ. ಕಳಕೊಂಡೆ. ಇನ್ನ ನನಗ ಮಂತ್ರ ಸಿಗೂದಿಲ್ಲ.”

ಗುರುಗಳು ಕಿಟಕಿಯಿಂದ ತಲೆ ಹೊರಹಾಕಿದರು. ಮುಖದ ತುಂಬ ನಗು.

“ಸಿಕ್ಕೈತಲ್ಲೋ, ಈಗ ನೀನ ಕೂಗಿದಿ. ಇನ್ನೂ ಮೂರು ಗಾಲಿ ಅದಾವ, ಜೋರಾಗಿ ಹೇಳು.”